ಬೀರುವಿನಿಂದ ಎದ್ದು ಬಂದ ಕ್ಯಾಮೆರಾ

ಹಳೇ ಡಿಜಿಟಲ್ ಕ್ಯಾಮೆರಾಗಳಿಗೆ ಈಗ ಶುಕ್ರದೆಸೆ. ಇಷ್ಟು ವರ್ಷ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಬಿದ್ದಿದ್ದವು. ಈಗ ಕಾಲೇಜು ಮಕ್ಕಳು ಅವನ್ನೇ ಹುಡುಕುತ್ತಿದ್ದಾರೆ. ಫೋನಿನ ಬೆನ್ನಲ್ಲಿ ಮೂರು ಕ್ಯಾಮೆರಾ ಇದ್ದರೂ, ಅಪ್ಪನ ನಾಲ್ಕು ಮೆಗಾಪಿಕ್ಸೆಲ್ ಡಬ್ಬಿಗೆ ಕೈ ಚಾಚುತ್ತಾರೆ.

ನಮ್ಮ ಭಾನುವಾರದ ಕಾಫಿ ಗುಂಪಿನಲ್ಲಿ ಈ ವಿಷಯ ತೆಗೆದವನು ಪಾಟೀಲ.

"ನನ್ನ ಮಗಳಿಗೆ ಸಿಸಿಡಿ ಬೇಕಂತೆ."

"ಕರೆದುಕೊಂಡು ಹೋಗು, ಒಂದು ಕಾಪುಚಿನೋ ಕೊಡಿಸು. ಇದಕ್ಕೆಲ್ಲ ನಮ್ಮ ಒಪ್ಪಿಗೆ ಯಾಕೋ?" ಎಂದ ನಾಗೇಶ.

ತಪ್ಪು ಅವನದಲ್ಲ. ಬೆಂಗಳೂರಿನವರಿಗೆ ಸಿಸಿಡಿ ಅಂದರೆ 1996ರಲ್ಲಿ ಬ್ರಿಗೇಡ್ ರೋಡಿನಲ್ಲಿ ಶುರುವಾದ ಕಾಫಿ ಅಂಗಡಿಯೇ. ಇನ್ನೊಂದು ಸಿಸಿಡಿಯೂ ಇದೆ ಎಂದು ರಘು ಬಿಡಿಸಿ ಹೇಳಬೇಕಾಯಿತು. ಹಿಂದೆ ರೀಲು ಕೂರುತ್ತಿದ್ದ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್ ಅದು. ಈ ಪುಟ್ಟ ಕ್ಯಾಮೆರಾಗಳಲ್ಲಂತೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಫೋನುಗಳಲ್ಲಿ ಈಗ ಇರುವುದು ಸಿಮಾಸ್ ಎಂಬ ಬೇರೆ ಜಾತಿ.

"ಸಿಸಿಡಿ ಬಣ್ಣವೇ ಬೇರೆ ಅಂತಾಳೆ ಮಗಳು" ಎಂದ ಪಾಟೀಲ.

"ಬಣ್ಣ ಅಲ್ಲ ಕಣೋ, ಅದು ಫ್ಲ್ಯಾಶ್ ಮಹಿಮೆ" ಎಂದಳು ಸುಮಂಗಲಾ.

ನನ್ನ ಓಟು ಸುಮಂಗಲಾಗೆ. ಫೋನಿನಲ್ಲಿ ಇರುವುದು ಎಲ್‌ಇಡಿ, ಟಾರ್ಚಿನ ತಮ್ಮ. ಹಳೇ ಕ್ಯಾಮೆರಾದಲ್ಲಿ ಇರುವುದು ಝೆನಾನ್ ಗಾಜಿನ ಕೊಳವೆ. ಒಳಗಿನ ಕೆಪಾಸಿಟರ್ ಕುಂಯ್ ಎನ್ನುತ್ತಾ ಕರೆಂಟು ಕೂಡಿಟ್ಟುಕೊಂಡು, ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಅಷ್ಟನ್ನೂ ಉಗುಳುತ್ತದೆ. ಓಡುವ ಮಗು ಕೂಡ ಅಲ್ಲೇ ನಿಂತಂತೆ ಸಿಗುತ್ತದೆ. ಮುಖ ಬೆಳ್ಳಗೆ, ಹಿಂದಿನ ಗೋಡೆ ಕಪ್ಪು, ಕಣ್ಣು ಕೆಂಪು. ಆಗ ಇಂಥ ಫೋಟೋ ಬಂದರೆ ತೆಗೆದವನಿಗೆ ಬೈಗುಳ ಬೀಳುತ್ತಿತ್ತು. ಈಗ ಇದಕ್ಕೆ "ವೈಬ್" ಅನ್ನುತ್ತಾರಂತೆ.

ಪಾಟೀಲನ ಕಷ್ಟ ವೈಬ್‌ವರೆಗೂ ಹೋಗಿರಲಿಲ್ಲ. ಕ್ಯಾಮೆರಾ ಆನ್ ಆದರೆ ಸಾಕಿತ್ತು. ಟಿವಿ ರಿಮೋಟಿನಿಂದ ಎರಡು ಪೆನ್ಸಿಲ್ ಸೆಲ್ ಕಿತ್ತು ಹಾಕಿದ್ದ. ಲೆನ್ಸು ಹೊರಗೆ ಬಂತು, ಮನೆಯನ್ನೆಲ್ಲ ಒಮ್ಮೆ ನೋಡಿತು, "ಬ್ಯಾಟರಿ ಬದಲಾಯಿಸಿ" ಎಂದು ಹೇಳಿ ಪ್ರಾಣ ಬಿಟ್ಟಿತು. ಅತ್ತ ಸೀರಿಯಲ್ ಹೊತ್ತಿಗೆ ರಿಮೋಟೂ ಇಲ್ಲ. ಮನೆಯಲ್ಲಿ ನಡೆದದ್ದನ್ನು ಅವನು ಪೂರ್ತಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

"ರಿಮೋಟಿಗೆ ವರ್ಷಗಟ್ಟಲೆ ಬರುವ ಸೆಲ್ಲು ಇದಕ್ಕೆ ಯಾಕೆ ಸಾಲಲ್ಲ?"

"ರಿಮೋಟು ಉಪವಾಸದ ಗಿರಾಕಿ, ಇದು ಮದುವೆ ಮನೆ ಊಟದ ಗಿರಾಕಿ" ಎಂದ ರಘು. "ಲೆನ್ಸ್ ತಳ್ಳುವ ಮೋಟಾರು, ಪರದೆ, ಫ್ಲ್ಯಾಶ್ ಎಲ್ಲಾ ಒಟ್ಟಿಗೆ ಕರೆಂಟು ಕೇಳುತ್ತವೆ. ಸಾದಾ ಸೆಲ್ಲಿನ ವೋಲ್ಟೇಜು ಆ ಎಳೆತಕ್ಕೆ ಧಡಕ್ಕನೆ ಕುಸಿಯುತ್ತೆ. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕು. ಸಾದಾ ಸೆಲ್ಲು 1.5 ವೋಲ್ಟ್, ಇದು 1.2. ಆದರೂ ಇದೇ ಜಾಸ್ತಿ ಹೊತ್ತು ಬರುತ್ತೆ."

"1.5ಕ್ಕಿಂತ 1.2 ಜಾಸ್ತಿ. ನಿನಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಯಾರಪ್ಪಾ?" ಎಂದ ನಾಗೇಶ.

ರಘು ಸರಿಯಾಗಿಯೇ ಹೇಳಿದ್ದ. ಆ ಸೆಲ್ಲುಗಳು ಎಷ್ಟೇ ಎಳೆದರೂ 1.2ರ ಆಸುಪಾಸಿನಲ್ಲೇ ಗಟ್ಟಿಯಾಗಿ ನಿಲ್ಲುತ್ತವೆ. ಮೊದಮೊದಲು ಅವಕ್ಕೊಂದು ರೋಗವಿತ್ತು. ಚಾರ್ಜ್ ಮಾಡಿ ಸುಮ್ನೆ ಇಟ್ಟರೂ ಕೆಲವು ವಾರಗಳಲ್ಲಿ ಸೋರಿಹೋಗುತ್ತಿದ್ದವು. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನಿಲೂಪ್ ಎಂಬ ಸೆಲ್ ತಂದ ಮೇಲೆ ಆ ಕಾಟ ಕಡಿಮೆಯಾಯಿತು.

ಸೆಲ್ಲಿನ ಗಂಡಾಂತರ ದಾಟಿದರೆ ಕಾರ್ಡಿನದು. ಪಾಟೀಲ ಧಾರಾಳಿ, 64 ಜಿಬಿ ಕಾರ್ಡ್ ತಂದಿದ್ದ. ಕ್ಯಾಮೆರಾ ಅದನ್ನು ಮುಟ್ಟಲೂ ಒಪ್ಪಲಿಲ್ಲ. ದೊಡ್ಡ ಎಸ್‌ಡಿ ಕಾರ್ಡುಗಳು ಬಂದದ್ದು 2006ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 2 ಜಿಬಿಯೇ ಪ್ರಪಂಚದ ಅಂಚು. ನಾಲ್ಕು ಮೆಗಾಪಿಕ್ಸೆಲ್ ಫೋಟೋ ಅದರಲ್ಲಿ ಸಾವಿರದ ಹತ್ತಿರ ಹಿಡಿಯುತ್ತವೆ. ಎರಡು ಮದುವೆ, ಒಂದು ನಾಮಕರಣಕ್ಕೆ ಧಾರಾಳವಾಯಿತು.

"ನಿನಗೆ ಎಸ್‌ಡಿ ಆದರೂ ಇದೆ, ನನ್ನದು ಎಕ್ಸ್‌ಡಿ" ಎಂದು ನಾಗೇಶ ನಿಟ್ಟುಸಿರಿಟ್ಟ. ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ 2002ರಲ್ಲಿ ತಂದ ಕಾರ್ಡದು. ಈಗ ಹೊಸದಾಗಿ ಯಾರೂ ಮಾಡುವುದಿಲ್ಲ. ಅವನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಎಸ್‌ಪಿ ರೋಡಿಗೆ ಹೋಗಿ ಮಾದರಿ ತೋರಿಸಿ ಕೇಳಿದರೆ, ಅಂಗಡಿಯವರು ಒಳಗಿದ್ದ ಹುಡುಗರನ್ನೆಲ್ಲ "ಬನ್ರೋ, ನೋಡ್ರೋ" ಎಂದು ಕರೆದು ಕಾರ್ಡಿನ ದರ್ಶನ ಮಾಡಿಸಿದರಂತೆ. ಕೊನೆಗೆ ಇವನಿಗೇ ಕೇಳಿದರಂತೆ, "ಸಾರ್, ಮಾರ್ತೀರಾ?"

ಸುಮಂಗಲಾ ಮನೆಯ ಕ್ಯಾಮೆರಾ ಮಾತ್ರ ಈಗಲೂ ಕೆಲಸದಲ್ಲಿದೆ. ಆದರೆ ಅದಕ್ಕೆ ಕಾಲಜ್ಞಾನ ಇಲ್ಲ. ತಾರೀಖು ನೆನಪಿಡಲು ಒಳಗೊಂದು ಪುಟ್ಟ ಬಿಲ್ಲೆ ಸೆಲ್ ಇರುತ್ತದೆ. ಅದು ಸತ್ತಿದೆ. ಪೆನ್ಸಿಲ್ ಸೆಲ್ ಬದಲಾಯಿಸಿದಾಗಲೆಲ್ಲ ಕ್ಯಾಮೆರಾ ಮತ್ತೆ 2005ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಹೋದ ವರ್ಷ ಅವಳ ತಮ್ಮನ ಗೃಹಪ್ರವೇಶ. ಫೋಟೋಗಳ ಮೂಲೆಯಲ್ಲೆಲ್ಲ ಕಿತ್ತಳೆ ಬಣ್ಣದಲ್ಲಿ ಅದೇ ತಾರೀಖು.

"ಆಗ ಆ ಸೈಟು ರಾಗಿ ಹೊಲ ಕಣೋ" ಎಂದಳು.

"ಬ್ಯಾಂಕಿನವರಿಗೆ ತೋರಿಸಬೇಡ" ಎಂದ ಪಾಟೀಲ. "ಇಪ್ಪತ್ತು ವರ್ಷದ ಕಂತು ಬಾಕಿ ಅಂದಾರು."

ತಾರೀಖಿಗಿಂತ ದೊಡ್ಡ ಗಲಾಟೆ ಎಬ್ಬಿಸಿದ್ದು ಅದೇ ಫೋಟೋಗಳಲ್ಲಿ ತೇಲುತ್ತಿದ್ದ ಬಿಳಿ ವೃತ್ತಗಳು. ದೊಡ್ಡಮ್ಮ ನೋಡಿದವರೇ ಕೈ ಮುಗಿದರು. "ಹಿರಿಯರೆಲ್ಲ ಬಂದು ಹರಸಿ ಹೋಗಿದ್ದಾರೆ ನೋಡ್ರೇ!" ಸುಮಂಗಲಾ ಫಿಸಿಕ್ಸ್ ಓದಿದವಳು, ಸುಮ್ಮನಿರುತ್ತಾಳಾ? ಪುಟ್ಟ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇರುತ್ತದೆ. ಮೂಗಿನ ತುದಿಯಲ್ಲಿ ಹಾರುವ ಧೂಳಿಗೂ ಹೋಮದ ಬೂದಿಗೂ ಬೆಳಕು ಬಡಿದು, ಫೋಕಸ್ ತಪ್ಪಿ, ಹೀಗೆ ದುಂಡಗೆ ಕಾಣುತ್ತದೆ ಎಂದು ಸಮಾಧಾನವಾಗಿ ಬಿಡಿಸಿ ಹೇಳಿದಳು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು.

"ಸರಿ ಕಣೇ. ಆ ಧೂಳು ಅಷ್ಟು ಜನರಲ್ಲಿ ನಿಮ್ಮ ದೊಡ್ಡಪ್ಪ ಕೂರುತ್ತಿದ್ದ ಕುರ್ಚಿ ಮೇಲೇ ಯಾಕೆ ಕೂತಿದೆ?"

ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಇಲ್ಲ. ಆ ಫೋಟೋ ಈಗ ಕಟ್ಟು ಹಾಕಿಸಿಕೊಂಡು ದೇವರ ಮನೆಯಲ್ಲಿದೆ.

ಸಮುದ್ರ ತೀರಕ್ಕೆ ಒಯ್ದವರ ಕಥೆಗಳೂ ಬಂದವು. ಎಲ್ಲವೂ ಒಂದೇ ಕಥೆ: ಮರಳು ಹೊಕ್ಕಿತು, ಲೆನ್ಸು ಅರ್ಧಕ್ಕೆ ನಿಂತಿತು, ಒಳಗೂ ಹೋಗಲ್ಲ ಹೊರಗೂ ಬರಲ್ಲ.

ಅಷ್ಟರಲ್ಲಿ ರಘು ಜೇಬಿನಿಂದ ಚಾರ್ಜಾದ ಎರಡು ಸೆಲ್ ತೆಗೆದ, ಸುಮಂಗಲಾ 1 ಜಿಬಿ ಕಾರ್ಡ್ ಕೊಟ್ಟಳು. ಪಾಟೀಲನ ಕ್ಯಾಮೆರಾ ಟುಯ್ಯ್ ಎಂದು ಎದ್ದಿತು. ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಂಡು ನಿಂತೆವು. ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ಸ್ವಲ್ಪ ಯೋಚಿಸಿತು. ನಾಗೇಶನಿಂದ ಅಷ್ಟು ಹೊತ್ತು ಉಸಿರು ಹಿಡಿಯಲು ಆಗಲಿಲ್ಲ. ಫ್ಲ್ಯಾಶ್ ಹೊಡೆದಾಗ ಅವನ ಹೊಟ್ಟೆ ತನ್ನ ಜಾಗಕ್ಕೆ ವಾಪಸ್ ಬಂದಾಗಿತ್ತು.

ಈಗ ಫೋಟೋ ಕಂಪ್ಯೂಟರಿಗೆ ಹಾಕಬೇಕು. ಕೇಬಲ್ಲಿಗೆ ಹುಡುಕಾಟ. ಹಳೇ ಮಿನಿ ಯುಎಸ್‌ಬಿ ಯಾರ ಹತ್ತಿರವೂ ಇಲ್ಲ. ಕಾರ್ಡ್ ರೀಡರ್ ಪಾಟೀಲನ ಮನೆಯಲ್ಲಿ ಎಲ್ಲೋ ಇದೆಯಂತೆ. ಕೊನೆಗೆ ಪಾಟೀಲ ತನ್ನ ಹೊಸ ಫೋನ್ ತೆಗೆದು, ಕ್ಯಾಮೆರಾದ ಎರಡು ಇಂಚಿನ ಪರದೆಯನ್ನೇ ಫೋಟೋ ಹೊಡೆದು ಮಗಳಿಗೆ ಕಳಿಸಿದ.

ಉತ್ತರ ಕೂಡಲೇ ಬಂತು. "ಸೂಪರ್ ಅಪ್ಪಾ! ಯಾವ ಫಿಲ್ಟರ್ ಇದು?"