ಹೈಬ್ರಿಡ್‌ಗೆ ಎರಡೂವರೆ ಲಕ್ಷ ಜಾಸ್ತಿ ಕೊಡೋದಾ? ಗ್ಯಾರೇಜ್ ಅಣ್ಣನ್ನ ಕೇಳಿ

ಪ್ರಶ್ನೆ (ತುಮಕೂರು): ಅಣ್ಣ ನಮಸ್ಕಾರ, ನಾನು ದಿನಾ ತುಮಕೂರಿಂದ ಪೀಣ್ಯಕ್ಕೆ ಕೆಲ್ಸಕ್ಕೆ ಹೋಗಿ ಬರ್ತೀನಿ, ತಿಂಗಳಿಗೆ ಹತ್ರ ಹತ್ರ 2500 ಕಿಲೋಮೀಟರ್ ಆಗುತ್ತೆ. ಹೊಸ ಗಾಡಿ ನೋಡ್ತಾ ಇದೀನಿ, ಶೋರೂಮಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ಮಾಮೂಲಿ ಪೆಟ್ರೋಲ್‌ಗಿಂತ ಎರಡೂವರೆ ಲಕ್ಷ ಜಾಸ್ತಿ ಹೇಳಿದ್ರು. ಮೈಲ್ಡ್ ಹೈಬ್ರಿಡ್ ಅಂತ ಇನ್ನೊಂದು ತೋರಿಸಿದ್ರು, "ಅದೂ ಹೈಬ್ರಿಡ್ಡೇ ಸಾರ್" ಅಂತಾರೆ. ಯಾವ್ದು ತಗೊಳ್ಲಿ, ದುಡ್ಡು ವಾಪಸ್ ಬರುತ್ತಾ?

ಉತ್ತರ: ನಮಸ್ಕಾರ. ಎಂಜಿನ್ ಜೊತೆ ಕರೆಂಟ್ ಮೋಟಾರೂ ಇದ್ರೆ ಹೈಬ್ರಿಡ್ ಅಂತಾರೆ, ಆದ್ರೆ ಅದೂ ಹೈಬ್ರಿಡ್ಡೇ ಅನ್ನೋದು ಟೀನೂ ಕಾಫಿನೂ ಒಂದೇ ಅಂದಂಗೆ. ಮೈಲ್ಡ್ ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಜಾಗದಲ್ಲಿ ಸ್ವಲ್ಪ ದೊಡ್ಡ ಮೋಟಾರ್ ಕೂರಿಸಿ ಬೆಲ್ಟ್ ಹಾಕಿರ್ತಾರೆ, ಪಿಕಪ್ ತಗೊಳ್ಳೋವಾಗ ಎಂಜಿನ್‌ಗೆ ಒಂಚೂರು ಹೆಗಲು ಕೊಡುತ್ತೆ, ಅಷ್ಟೇ, ತಾನೊಂದೇ ಗಾಡಿ ಎಳಿಯೋ ತಾಕತ್ತು ಅದಕ್ಕಿಲ್ಲ. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್‌ನಲ್ಲಿ ಎಸ್‌ಎಚ್‌ವಿಎಸ್ ಅಂತ ಬಂತಲ್ಲ, ಅದೇ ಜಾತಿ.

ಸ್ಟ್ರಾಂಗ್ ಹೈಬ್ರಿಡ್ ಕಥೆನೇ ಬೇರೆ. ಟೊಯೋಟಾದವ್ರು 1997ರಲ್ಲಿ ಜಪಾನಲ್ಲಿ ಪ್ರಿಯಸ್ ಬಿಟ್ಟಾಗಿಂದ ಮೂಲ ಐಡಿಯಾ ಅದೇ, 2022ರಲ್ಲಿ ನಮ್ಮ ಬಿಡದಿ ಫ್ಯಾಕ್ಟರಿಯಿಂದ ಬಂದ ಹೈರೈಡರ್, ಗ್ರಾಂಡ್ ವಿಟಾರಾ ಎರಡರಲ್ಲೂ ಅದೇ ಇರೋದು. ಎಂಜಿನ್ನು, ಎರಡು ಮೋಟಾರು, ಮೂರನ್ನೂ ಒಂದು ಪ್ಲಾನೆಟರಿ ಗೇರ್ ಸೆಟ್ಟಲ್ಲಿ (ನಡುವಿನ ಗೇರ್ ಸುತ್ತ ಸಣ್ಣ ಗೇರ್‌ಗಳು ತಿರುಗೋದು) ಸೇರಿಸಿರ್ತಾರೆ. ನಾವು ಒತ್ತೋ ಥರದ ಕ್ಲಚ್ ಇಲ್ಲ, ರಿವರ್ಸ್ ಗೇರಂತೂ ಇಲ್ವೇ ಇಲ್ಲ, ಮೋಟಾರ್ ಉಲ್ಟಾ ತಿರುಗುತ್ತೆ ಗಾಡಿ ಹಿಂದೆ ಹೋಗುತ್ತೆ. ಮೊದಲ ಸಲ ಬಿಚ್ಚಿ ನೋಡಿದಾಗ ನಂಗೇ ತಲೆ ಕೆಟ್ಟಿತ್ತು. ಬ್ಯಾಟರಿ ದೊಡ್ಡದಿರಬೇಕು ಅಂದ್ಕೊಂಡಿರ್ತೀರಿ, ಇಲ್ಲ, ಹಿಡಿಯೋದು 0.76 ಯೂನಿಟ್ ಕರೆಂಟ್ ಅಷ್ಟೇ. ಅದು ಡ್ರಮ್ ಅಲ್ಲ, ಚೊಂಬು. ಬ್ರೇಕ್ ಹಾಕ್ದಾಗ ತುಂಬ್ಕೊಳ್ಳುತ್ತೆ, ಹೊರಡುವಾಗ ಸುರಿಯುತ್ತೆ, ಮತ್ತೆ ತುಂಬ್ಕೊಳ್ಳುತ್ತೆ.

ಈಗ ವಿಷಯಕ್ಕೆ ಬರೋಣ. ಮಾಮೂಲಿ ಗಾಡಿಲಿ ನೀವು ಪ್ರತಿ ಸಲ ಬ್ರೇಕ್ ತುಳಿದಾಗ ಪೆಟ್ರೋಲ್ ಸುಟ್ಟು ತಗೊಂಡ ಸ್ಪೀಡ್ ಪೂರ್ತಿ ಬಿಸಿಯಾಗಿ ಹೋಗುತ್ತೆ. ಹೈಬ್ರಿಡ್ ಉಳಿಸೋದು ಮುಖ್ಯವಾಗಿ ಅದನ್ನೇ, ಜೊತೆಗೆ ನಿಂತಲ್ಲೇ ಉರಿಯೋ ಪೆಟ್ರೋಲನ್ನ. ಹೈವೇಲಿ ಬ್ರೇಕೇ ತುಳಿಯಲ್ಲ ಅಂದ್ಮೇಲೆ ಉಳಿಸೋಕೆ ಏನಿದೆ? ಎಂಜಿನ್ನು ಅಟ್ಕಿನ್ಸನ್ ಸೈಕಲ್‌ದು, ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ, ಪಿಕಪ್ ಕಮ್ಮಿ ಆದ್ರೂ ಕುಡಿಯೋದು ಕಮ್ಮಿ, ಹಾಗಾಗಿ ಅಲ್ಲೂ ಸ್ವಲ್ಪ ಲಾಭ ಇದೆ, ಆದ್ರೆ ಊರೊಳಗಿನಷ್ಟಿಲ್ಲ.

ನಿಮ್ಮ ಲೆಕ್ಕ ಹಾಕ್ತೀನಿ, ಸುಮ್ನೆ ಅಂದಾಜಿಗೆ. 2500ರಲ್ಲಿ 2000 ಹೈವೇ, 500 ಜಾಮಲ್ಲಿ ಅಂತ ಹಿಡೀರಿ. ಹೈವೇಲಿ ಮಾಮೂಲಿ ಗಾಡಿ ಲೀಟರಿಗೆ 17 ಕೊಟ್ರೆ ಹೈಬ್ರಿಡ್ 21 ಕೊಡ್ತು ಅಂದ್ಕೊಳಿ, ತಿಂಗಳಿಗೆ ಉಳಿಯೋದು 22 ಲೀಟರ್. ಜಾಮಲ್ಲಿ ಮಾಮೂಲಿದು 11, ಹೈಬ್ರಿಡ್ 21 ಅಂದ್ರೆ ಉಳಿಯೋದು ಹತ್ರ ಹತ್ರ 22 ಲೀಟರ್ರೇ! ನೋಡಿ, 2000 ಕಿಲೋಮೀಟರ್ ಹೈವೇಲಿ ಉಳಿಯೋದೂ 500 ಕಿಲೋಮೀಟರ್ ಜಾಮಲ್ಲಿ ಉಳಿಯೋದೂ ಒಂದೇ. ಒಟ್ಟು 44 ಲೀಟರ್, ಲೀಟರಿಗೆ 103 ರೂಪಾಯಿ ಅಂದ್ರೂ ತಿಂಗಳಿಗೆ 4500, ಎರಡೂವರೆ ಲಕ್ಷ ವಾಪಸ್ ಬರೋಕೆ ನಾಲ್ಕೂವರೆ ವರ್ಷದ ಮೇಲೆ ಬೇಕು. ಏಳೆಂಟು ವರ್ಷ ಇಟ್ಕೊಳ್ಳೋರಾದ್ರೆ ತಗೊಳ್ಳಿ. ಮೂರು ವರ್ಷಕ್ಕೆ ಮಾರೋ ಅಭ್ಯಾಸ ಇದ್ರೆ ಬೇಡ.

ತುಮಕೂರು: ಕಂಪನಿಯವ್ರು 27.97 ಅಂತಾರಲ್ಲ ಅಣ್ಣ, ನೀವು 21 ಅಂತೀರಿ?

ಉತ್ತರ: ಅದು ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿದ್ದು, ಅಲ್ಲಿ ಎಂಟನೇ ಮೈಲಿ ಜಾಮ್ ಇರಲ್ಲ, ಹಿಂದಿನ ಸೀಟಲ್ಲಿ ಅತ್ತೆ ಮಾವ ಇರಲ್ಲ. ಸ್ಕ್ರೀನಲ್ಲಿ ಬರೋ ಮೈಲೇಜನ್ನೂ ನಂಬ್ಕೊಂಡು ಕೂರ್ಬೇಡಿ, ಒಂದೇ ಬಂಕಲ್ಲಿ ಕಟ್ ಆಫ್ ಆಗೋವರೆಗೂ ತುಂಬಿಸಿ, ಓಡಿಸಿ, ಮತ್ತೆ ಅಲ್ಲೇ ತುಂಬಿಸಿ ಭಾಗಿಸಿ.

ಪ್ರಶ್ನೆ (ಹುಬ್ಬಳ್ಳಿ): ಸರ್ ನಮ್ಮ ಗಾಡಿ ಸಿಗ್ನಲ್‌ನ್ಯಾಗ ನಿಂತ್ರ ತಾನ ಬಂದ್ ಆಕ್ಕೈತ್ರಿ, ಕ್ಲಚ್ ಒತ್ತಿದ್ರ ಮತ್ತ ಚಾಲೂ. ನಮ್ಮ ಕಾಕಾ ಅಂತಾರ, ಹಿಂಗ ದಿನಾ ಐವತ್ತು ಸಲ ಆದ್ರ ಸ್ಟಾರ್ಟರ್ ಮೋಟಾರ್ ಸುಟ್ಟ ಹೊಕ್ಕೈತಿ, ಬಂದ್ ಮಾಡಿ ಇಡು ಅಂತ. ಖರೇನ್ರಿ?

ಉತ್ತರ: ಕಾಕಾ ಅವ್ರ ಕಾಲದ ಗಾಡಿಗೆ ಖರೇನೇ ರೀ. ಐಡಲ್ ಸ್ಟಾರ್ಟ್ ಸ್ಟಾಪ್ ಇರೋ ಗಾಡಿಗೆ ಸ್ಟಾರ್ಟರನ್ನೇ ಗಟ್ಟಿ ಮಾಡಿರ್ತಾರೆ, ಅದರ ಚಿಂತೆ ಬಿಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲೋದಾದ್ರೆ ಆಫ್ ಆಗೋದೇ ಲಾಭ. ತೊಂದರೆ ಇರೋದು ಬ್ಯಾಟರಿಲಿ. ಅದರಲ್ಲಿ ಇರೋದು ಪದೇ ಪದೇ ಸ್ಟಾರ್ಟ್ ಆಗೋದನ್ನ ತಡ್ಕೊಳ್ಳೋ ಇಎಫ್‌ಬಿ ಅಥವಾ ಎಜಿಎಂ ಅನ್ನೋ ಬ್ಯಾಟರಿ, ರೇಟು ಜಾಸ್ತಿ. ಜನ ಏನ್ ಮಾಡ್ತಾರೆ, ಮೊದಲ ಬ್ಯಾಟರಿ ಹೋದ್ಮೇಲೆ ದುಡ್ಡು ಉಳಿಸೋಕೆ ಮಾಮೂಲಿದು ಹಾಕಿಸ್ಕೊಂಡು ಬರ್ತಾರೆ, ಅದು ಬೇಗ ಕುಸಿದು ಬೀಳುತ್ತೆ, ಆಮೇಲೆ "ಈ ಸಿಸ್ಟಮ್ಮೇ ಸರಿ ಇಲ್ಲ" ಅಂತ ಗಾಡಿಗೆ ಬೈತಾರೆ. ಇನ್ನೊಂದು, ಬಿಸಿಲಲ್ಲಿ ಎಸಿ ಜೋರಾಗಿದ್ರೆ ಸಿಗ್ನಲಲ್ಲಿ ಎಂಜಿನ್ ಆಫ್ ಆಗಲ್ಲ, ರಿಪೇರಿ ಅಂತ ಓಡಿ ಬರ್ಬೇಡಿ.

ಹುಬ್ಬಳ್ಳಿ: ಆತ್ರಿ, ಕಾಕಾಗ ತೋರಸ್ತೀನಿ ಇದನ್ನ.

ಪ್ರಶ್ನೆ (ಬೆಳ್ತಂಗಡಿ): ಅಣ್ಣ, ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ನಾನು ಕೊಟ್ಟಿಗೆಹಾರದಿಂದ ಕೆಳಗಿನವರೆಗೆ ಹಾಗೆಯೇ ಬರುವುದು. ಮೊನ್ನೆ ಕೆಳಗೆ ಬಂದಾಗ ಎಂತದೋ ಸುಟ್ಟ ವಾಸನೆ ಬಂತು ಮಾರಾಯ್ರೆ.

ಉತ್ತರ: ಅಯ್ಯೋ ಮಾರಾಯ್ರೆ, ಸುಟ್ಟಿದ್ದು ನಿಮ್ಮ ಬ್ರೇಕ್ ಪ್ಯಾಡು. ಇವತ್ತಿಂದಾನೇ ಬಿಟ್ಬಿಡಿ. ನ್ಯೂಟ್ರಲ್ ಬುದ್ಧಿ ಕಾರ್ಬೊರೇಟರ್ ಕಾಲದ್ದು. ಇಂಜೆಕ್ಷನ್ ಗಾಡಿಲಿ ಗೇರಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ರೆ, ಆರ್‌ಪಿಎಂ ತೀರ ಕೆಳಗೆ ಇಳಿಯೋವರೆಗೂ ಇಸಿಯು ಅನ್ನೋ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ, ಒಂದು ಹನಿನೂ ಹೋಗಲ್ಲ, ಚಕ್ರಾನೇ ಎಂಜಿನ್ನ ತಿರುಗಿಸ್ತಾ ಇರುತ್ತೆ. ನ್ಯೂಟ್ರಲ್ ಹಾಕಿದ್ರೆ? ಎಂಜಿನ್ ಐಡಲಲ್ಲಿ ಓಡ್ಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಅಂದ್ರೆ ನೀವು ಇಷ್ಟು ದಿನ ಉಳಿಸ್ತೀನಿ ಅಂತ ಖರ್ಚು ಮಾಡ್ಕೊಂಡು ಇಳಿದಿದ್ದೀರಿ.

ದುಡ್ಡು ಹಾಳಾಗ್ಲಿ, ಅಪಾಯ ನೋಡಿ. ಎಂಜಿನ್ ಹಿಡಿತ ಇಲ್ದೆ ಗಾಡಿ ತೂಕ ಎಲ್ಲ ಬ್ರೇಕ್ ಮೇಲೆ ಬೀಳುತ್ತೆ, ಡಿಸ್ಕ್ ಕಾಯುತ್ತೆ, ಬ್ರೇಕ್ ಆಯಿಲ್ ಹಳೇದಾಗಿ ನೀರು ಹೀರ್ಕೊಂಡಿದ್ರೆ ಅದು ಒಳಗೇ ಕುದಿಯುತ್ತೆ, ಪೆಡಲ್ ತುಳಿದ್ರೆ ಸ್ಪಂಜ್ ತುಳಿದಂಗೆ ನೆಲಕ್ಕೆ ಹೋಗುತ್ತೆ. ಅಂಥದೊಂದು ಗಾಡಿ ನಮ್ಮ ಗ್ಯಾರೇಜಿಗೆ ಟೋ ಮಾಡ್ಕೊಂಡು ಬಂದಿತ್ತು, ಪುಣ್ಯಕ್ಕೆ ಗುಡ್ಡದ ಕಡೆ ಒರಗಿಸಿ ನಿಲ್ಲಿಸಿದ್ರಂತೆ, ಕಣಿವೆ ಕಡೆ ಅಲ್ಲ. ಕೆಲವ್ರು ಇನ್ನೂ ಜಾಣರು, ಕೀನೇ ಆಫ್ ಮಾಡ್ತಾರೆ, ಆಗ ಎರಡು ಮೂರು ಸಲ ಒತ್ತೋಷ್ಟರಲ್ಲಿ ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಖಾಲಿ, ಪವರ್ ಸ್ಟೀರಿಂಗೂ ಇಲ್ಲ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ. ಪ್ಯಾಡ್ ಚೆಕ್ ಮಾಡ್ಸಿ, ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ರೆ ಬದಲಾಯಿಸಿ.

ಪ್ರಶ್ನೆ (ಮಂಡ್ಯ): ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಹಾಕಿದ್ರೆ ಮೈಲೇಜ್ ಜಾಸ್ತಿ ಆಯ್ತದಂತೆ, ನಿಜವಾ ಅಣ್ಣ?

ಉತ್ತರ: ಫ್ರಿಜ್ ಮೇಲೆ ಅಂಟಿಸಿ, ಚೀಟಿ ಹಿಡ್ಕೊಳ್ಳುತ್ತೆ. ಅಮೆರಿಕದ ಪರಿಸರ ಇಲಾಖೆ ಇಂಥ ನೂರಕ್ಕೂ ಹೆಚ್ಚು ಐಟಮ್ ಪರೀಕ್ಷೆ ಮಾಡಿ ಹೇಳ್ಕೊಳ್ಳೋ ಅಂಥ ಲಾಭ ಏನೂ ಇಲ್ಲ ಅಂದಿದೆ. ಆ ದುಡ್ಡಲ್ಲಿ ಗಾಳಿ ಹಿಡಿಸಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ, ಡ್ರೈವರ್ ಡೋರ್ ಹತ್ರ ಸ್ಟಿಕ್ಕರಲ್ಲಿ ಎಷ್ಟು ಬರೆದಿದೆಯೋ ಅಷ್ಟು.

ಮಂಡ್ಯ: ಮತ್ತೆ ಈಗ ಮೈಲೇಜ್ ಕಮ್ಮಿ ಆಗಿರೋದು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಂದಾನಾ? ನಂದು 2014ರ ಗಾಡಿ.

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಎಥನಾಲಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, 20% ಬೆರೆಸಿದ್ರೆ ಲೆಕ್ಕದಲ್ಲಿ 6-7% ಇಳಿಯುತ್ತೆ. 15 ಕೊಡ್ತಿದ್ದಿದ್ದು 14 ಆದ್ರೆ ಇ20 ಅನ್ನಿ, 11 ಆದ್ರೆ ಇ20 ಮೇಲೆ ಹಾಕ್ಬೇಡಿ, ಪ್ಲಗ್ಗು, ಏರ್ ಫಿಲ್ಟರ್ ನೋಡ್ಸಿ. ಹಳೇ ಗಾಡಿ ಆದ್ರಿಂದ ಸರ್ವಿಸ್ ಮಾಡ್ಸೋವಾಗೆಲ್ಲ ಪೆಟ್ರೋಲ್ ಪೈಪು, ರಬ್ಬರ್ ಸೀಲು ನೋಡೋಕೆ ಹೇಳಿ.

ಪ್ರಶ್ನೆ (ಬೆಂಗಳೂರು, ಮಲ್ಲೇಶ್ವರ): ಸರ್ ಸ್ವಲ್ಪ ವಿಚಿತ್ರ ಪ್ರಶ್ನೆ. ನಮ್ಮ ತಾತನ ಮನೆ ಶೆಡ್ಡಲ್ಲಿ ರೇವಾ ಕಾರ್ ಇದೆ, ಹತ್ತು ವರ್ಷದಿಂದ ಮುಟ್ಟಿಲ್ಲ, ಮೇಲೆ ಬೆಕ್ಕು ಮರಿ ಹಾಕಿದೆ. ಓಡಿಸೋ ಹಾಗೆ ಮಾಡ್ಬಹುದಾ ಅಥವಾ ಗುಜರಿಗೆ ಹಾಕೋದಾ?

ಉತ್ತರ: ಗುಜರಿ ಅನ್ನೋ ಮಾತು ಇನ್ನೊಂದ್ಸಲ ಆಡಿದ್ರೆ ಗ್ರೂಪಿಂದ ತೆಗೀತೀನಿ 😀 ಇವತ್ತು ಎಲ್ಲರೂ ಇವಿ ಇವಿ ಅಂತಾರೆ, 2001ರಲ್ಲೇ ಚೇತನ್ ಮೈನಿಯವ್ರು ಬೆಂಗಳೂರಲ್ಲಿ ಈ ರೇವಾ ಬ್ಯಾಟರಿ ಕಾರ್ ರಸ್ತೆಗೆ ಬಿಟ್ಟಾಗ ಜನ ಆಟದ ಸಾಮಾನು ಅಂತ ನಕ್ಕಿದ್ರು. ಅದೇ ಕಾರು ಲಂಡನ್ನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತು, ಅಲ್ಲಿ ಊರೊಳಗೆ ಬರೋಕೆ ಕಟ್ಟೋ ಕಂಜೆಶನ್ ಚಾರ್ಜ್ ಇದಕ್ಕಿರಲಿಲ್ಲ. ಅಲ್ಲಿನ ಕಾನೂನಲ್ಲಿ ಕಾರೂ ಅಲ್ಲ, ಕ್ವಾಡ್ರಿಸೈಕಲ್, ಅಂದ್ರೆ ಕಾರಿಗಿಂತ ಹಗುರದ ನಾಲ್ಕು ಚಕ್ರದ ಗಾಡಿ. 2010ರಲ್ಲಿ ಕಂಪನಿ ಮಹೀಂದ್ರಾ ಕೈ ಸೇರ್ತು. ಬೆಂಗಳೂರಿಗೆ ಇಂಥ ಹುಚ್ಚು ಹಳೇದು, ಸಿಪಾನಿಯವ್ರು ಫೈಬರ್ ಬಾಡಿಯ ಮೂರು ಚಕ್ರದ ಬಾದಲ್, ಆಮೇಲೆ ಡಾಲ್ಫಿನ್ ಮಾಡಿದ್ದೂ ಇಲ್ಲೇ.

ನಿಮ್ಮ ಗಾಡಿ ವಿಷ್ಯ. ಬಾಡಿ ಪ್ಲಾಸ್ಟಿಕ್ಕು, ಆ ಪ್ಯಾನೆಲ್ಲು ತುಕ್ಕು ಹಿಡಿಯಲ್ಲ, ಒಳಗಿನ ಸ್ಟೀಲ್ ಫ್ರೇಮ್ ಮಾತ್ರ ಬಗ್ಗಿ ನೋಡಿ. ಸೀಟ್ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್, ಅವು ಸತ್ತಿರ್ತವೆ, ಹತ್ತು ವರ್ಷ ಚಾರ್ಜ್ ಇಲ್ದೆ ಬಿದ್ದಿದ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತೆ, ಯಾರಾದ್ರೂ ರಿಪೇರಿ ಮಾಡ್ತೀನಿ ಅಂದ್ರೆ ನಂಬ್ಬೇಡಿ. ಹಳೇ ಮಾಡೆಲ್ಲಲ್ಲಿ ಡಿಸಿ ಮೋಟಾರ್, ಆಮೇಲಿಂದ್ರಲ್ಲಿ ಎಸಿ, ನಿಮ್ಮದು ಯಾವ್ದು ನೋಡ್ಕೊಳಿ. ಮೋಟಾರು ಕಂಟ್ರೋಲರ್ ಚೆನ್ನಾಗಿದ್ರೆ ಹೊಸ ಲೆಡ್ ಆಸಿಡ್ ಸೆಟ್ ಹಾಕೋದೇ ಸಲೀಸು. ಲಿಥಿಯಂ ಹಾಕ್ತೀನಿ ಅಂದ್ರೆ ಹಳೇ ಚಾರ್ಜರ್ ನಡೆಯಲ್ಲ, ಬ್ಯಾಟರಿ ಕಾಯೋ ಬಿಎಂಎಸ್ ಸರ್ಕ್ಯೂಟ್ ಬೇಕು, ಆರ್‌ಟಿಒ ಒಪ್ಪಿಗೆನೂ ಬೇಕು. ಗಾಡಿ 15 ವರ್ಷ ದಾಟಿದ್ರೆ ಆರ್‌ಸಿ ರಿನ್ಯೂವಲ್ ಮೊದ್ಲು ವಿಚಾರಿಸಿ, ಅದಾಗಲ್ಲ ಅಂದ್ರೆ ಮಿಕ್ಕಿದ್ದೆಲ್ಲ ದಂಡ. ಮುಖ್ಯವಾಗಿ, ಏನೂ ನೋಡ್ದೆ ಚಾರ್ಜರ್ ಚುಚ್ಬೇಡಿ.

ಮಲ್ಲೇಶ್ವರ: ಸರ್ ಲೇಟಾಯ್ತು, ಅಪ್ಪ ಆಗ್ಲೇ ಚುಚ್ಚಿದಾರೆ, ಗುಂಯ್ ಅಂತ ಸದ್ದು ಬರ್ತಿದೆ, "ನೋಡು ಜೀವ ಬಂತು" ಅಂತಿದಾರೆ.

ಉತ್ತರ: ತೆಗೀರಿ ತೆಗೀರಿ! ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ, ಬೆಕ್ಕಿನ ಮರಿಗಳನ್ನೂ ಆಚೆ ತನ್ನಿ. ಭಾನುವಾರ ನಾನೇ ಬರ್ತೀನಿ.