ಮೆತ್ತನೆ ಹಿಮದಲ್ಲಿ ಸ್ಕೀ ಮೂತಿ ಹೂತುಹೋಗ್ತಿದೆ, ಅಡಿಗೆ ಗಡ್ಡೆ ಕಟ್ತಿದೆ

ಪ್ರಶ್ನೆ: ನಂದು ಕ್ಲಾಸಿಕ್ ಸ್ಕೀ (ಒಂದೊಂದೇ ಕಾಲು ಒದ್ದು ಮುಂದಕ್ಕೆ ಜಾರೋದು), ಅಗಲ 44 ಮಿ.ಮೀ., ಟ್ರ್ಯಾಕ್ (ಹಿಮದಲ್ಲಿ ಒತ್ತಿ ಮಾಡಿದ ಜೋಡಿ ಜಾಡು) ಮೇಲೆ ಏನೂ ತಕರಾರಿಲ್ಲ. ಮೊನ್ನೆ ಗೇಣುದ್ದ ಹೊಸ ಹಿಮ ಬಿದ್ದು ಟ್ರ್ಯಾಕ್ ಎಲ್ಲಾ ಮುಚ್ಚಿಹೋಗಿತ್ತು, ಹೋಗೇಬಿಡೋಣ ಅಂತ ಹೊರಟೆ ನೋಡಿ, ಹತ್ತು ಹೆಜ್ಜೆಗೊಂದ್ಸಲ ಮೂತಿ ಒಳಗೆ ನುಗ್ಗಿ ಮುಗ್ಗರಿಸಿದೆ, ಪೋಲ್ ಊರಿದ್ರೆ ಅರ್ಧ ಇಳಿದುಹೋಗುತ್ತೆ, ಸಾಲದ್ದಕ್ಕೆ ಕಾಲಡಿ ಹಿಮ ಅಂಟಿ ಹೈ ಹೀಲ್ಸ್ ಹಾಕ್ಕೊಂಡಂಗಾಯ್ತು. ಅಗಲದ ಸ್ಕೀ ತಗೊಳ್ಳಲೇಬೇಕಾ?

ಉತ್ತರ: ಮೊದಲು ಗಡ್ಡೆ ವಿಷಯ. ಸ್ಕೀನ ಬೆಚ್ಚಗಿನ ರೂಮಿಂದ ತಂದು ಸೀದಾ ಹಿಮಕ್ಕೆ ಹಾಕಿದ್ರಾ? ಬೇಸ್ (ಸ್ಕೀ ತಳ) ಬಿಸಿಗೆ ಹಿಮ ಕರಗಿ ಅಲ್ಲೇ ಮಂಜುಗಡ್ಡೆಯಾಗುತ್ತೆ, ಆಮೇಲೆ ಅದರ ಮೇಲೆ ಪದರ ಪದರ ಕೂರುತ್ತೆ. ಕಾಲು ಗಂಟೆ ಹೊರಗೆ ನಿಲ್ಲಿಸಿ. ಅದಲ್ಲದಿದ್ರೆ ಕಿಕ್ ವ್ಯಾಕ್ಸ್ (ಒದೆಯುವಾಗ ಹಿಡಿತ ಸಿಗಲಿ ಅಂತ ತಳದ ನಡುಭಾಗಕ್ಕೆ ಹಚ್ಚೋ ಮೇಣ) ಮೆತ್ತಗಾಗಿದೆ, ಹೊಸ ಹಿಮದ ಹರಳು ಚೂಪು, ಮೆತ್ತನೆ ವ್ಯಾಕ್ಸ್‌ಗೆ ಚುಚ್ಚಿಕೊಂಡ್ರೆ ಬಿಡಲ್ಲ. ಹಳೇದನ್ನ ಕೆರೆದು ಇನ್ನೂ ಗಟ್ಟಿದು ತೆಳ್ಳಗೆ ಹಚ್ಚಿ. ಕೆರೀದೆ ಮೆತ್ತನೇದರ ಮೇಲೇ ಗಟ್ಟಿದು ಉಜ್ಜೋಕೆ ಹೋಗ್ಬೇಡಿ, ಎಲ್ಲಾ ಮುದ್ದೆಯಾಗುತ್ತೆ, ನಾನು ಮಾಡಿ ಕೈ ಸುಟ್ಟುಕೊಂಡಿದ್ದೀನಿ.

ಮೂತಿ ಹೂಳೋದು ಅರ್ಧ ಅಭ್ಯಾಸದ ತಪ್ಪು. ಟ್ರ್ಯಾಕಲ್ಲಿ ಒಂದೇ ಕಾಲಿಗೆ ಪೂರ್ತಿ ಭಾರ ಹಾಕಿ ಒದೀತೀವಲ್ಲ, ಆ ಒದೆತಕ್ಕೆ ಇಲ್ಲಿ ನೆಲವೇ ಇಲ್ಲ, ಹಿಮ ಕುಸಿಯುತ್ತೆ ಅಷ್ಟೆ. ಎರಡೂ ಕಾಲಿಗೆ ಭಾರ ಹಂಚಿ, ಹೆಜ್ಜೆ ಗಿಡ್ಡ ಮಾಡಿ, ಸ್ಕೀನ ಎತ್ತದೆ ಜಾರಿಸ್ಕೊಂಡೇ ಹೋಗಿ, ತೀರಾ ಮುಂದಕ್ಕೆ ಬಾಗ್ಬೇಡಿ. ಇನ್ನರ್ಧ ಸ್ಕೀದೇ. ರೇಸಿಂಗ್ ಸ್ಕೀ ಗಟ್ಟಿ ಬಿಲ್ಲಿನ ಥರ, ಮೆತ್ತನೆ ಹಿಮದಲ್ಲಿ ನಡುಭಾಗ ಸರಿಯಾಗಿ ಒತ್ತಲ್ಲ, ಎರಡು ತುದಿ ಮಾತ್ರ ಅಗೆಯುತ್ತೆ.

ಪೋಲ್‌ಗೆ ದೊಡ್ಡ ಬಾಸ್ಕೆಟ್ (ಹಿಮದಲ್ಲಿ ಇಳಿಯದ ಹಾಗೆ ತುದಿ ಹತ್ರ ಇರೋ ಬಿಲ್ಲೆ) ಹಾಕಿ, ಎಲ್ಲಕ್ಕಿಂತ ಅಗ್ಗದ ಉಪಾಯ ಇದೇ. ಬಹಳಷ್ಟು ಬಾಸ್ಕೆಟ್ ಬಿಸಿ ಅಂಟಿಂದ ಕೂತಿರುತ್ತೆ, ಬಿಸಿನೀರಲ್ಲಿ ತುದಿ ಅದ್ದಿ ಎಳೆದ್ರೆ ಬರುತ್ತೆ, ಕಾರ್ಬನ್ ಪೋಲ್ ಆದ್ರೆ ಬೆಂಕಿ ಹತ್ರ ಹಿಡೀಬೇಡಿ.

ಇನ್ನೊಬ್ಬರು: ಅಗಲದ ಸ್ಕೀಗೆ ಅವಸರ ಬೇಡ, 60 ಮಿ.ಮೀ. ದಾಟಿದ್ರೆ ಟ್ರ್ಯಾಕ್ ಜಾಡಿನ ಅಂಚಿಗೆ ಉಜ್ಜೋಕೆ ಶುರುವಾಗುತ್ತೆ. ವಾರಕ್ಕೆರಡು ಸಲ ಕಾಡೊಳಗೆ ಹೋಗೋರಾದ್ರೆ ಮಾತ್ರ ತಗೊಳ್ಳಿ.

ಪ್ರಶ್ನೆ ಕೇಳಿದವರು: ಹೊರಗಿಟ್ಟು ತಣ್ಣಗಾದ್ಮೇಲೆ ಹೋದೆ, ಗಡ್ಡೆ ಪೂರ್ತಿ ನಿಂತೋಯ್ತು. ಮೂತಿ ಆಗಾಗ ನುಗ್ಗುತ್ತೆ, ಇಳಿಜಾರಲ್ಲಿ ಮಾತ್ರ. ಬಾಸ್ಕೆಟ್ ಇನ್ನೂ ಬಿಸಿನೀರಲ್ಲೇ ಇದೆ, ಬರ್ತಿಲ್ಲ!

ಉತ್ತರ: ನೀರು ಕುದಿಯೋ ಹತ್ರ ಇರ್ಲಿ, ತಿರುಚಿ ಎಳೀರಿ.