ಪದಚರ್ಚೆ: ಕಾರ್ಡಾಟದ ‘ಡೆಕ್’ ಕನ್ನಡದಲ್ಲಿ ಕಟ್ಟೋ, ಪಡೆಯೋ?

ಪ್ರಶ್ನೆ

ಮಾನ್ಯರೇ,

ಮಾಟಗಾರರು, ದೈತ್ಯಪ್ರಾಣಿಗಳು, ಮಂತ್ರಗಳಿರುವ ಕಾರ್ಡಾಟವೊಂದರ ಕೈಪಿಡಿಯನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಅದು ಇದೇ ಶುಕ್ರವಾರ ಅಚ್ಚಿಗೆ ಹೋಗಬೇಕು. ಉಳಿದ ಪದಗಳೆಲ್ಲ ಒಂದು ಹದಕ್ಕೆ ಬಂದಿವೆ. ಆಟಗಾರ ಆಡಲು ತರುವ ಕಾರ್ಡುಗಳ ಸಮೂಹಕ್ಕೆ ಹೇಳುವ ‘ಡೆಕ್’ ಎಂಬುದೊಂದು ಮಾತ್ರ ಕೈಗೆ ಸಿಗದೆ ಉಳಿದಿದೆ. ಮೂರನೆಯ ಅಧ್ಯಾಯದ ತಲೆಬರಹವೇ ಅದರ ಮೇಲೆ ನಿಂತಿದೆ. ಒಬ್ಬ ಆಟಗಾರ ತನ್ನಲ್ಲಿರುವ ಕಾರ್ಡುಗಳಿಂದಲೇ, ಒಂದಕ್ಕೊಂದು ಎದುರಾಗಿ ನಿಲ್ಲಬಲ್ಲ, ಬಲದಲ್ಲಿ ಹೆಚ್ಚುಕಡಿಮೆ ಸರಿತೂಗುವ ಎರಡು ಡೆಕ್ಕುಗಳನ್ನು ಸಿದ್ಧಪಡಿಸಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಗೆಳೆಯನ ಕೈಗಿತ್ತು ಆಡುವುದು ಹೇಗೆ ಎಂಬುದು ಅಲ್ಲಿನ ವಿಷಯ.

ಇಸ್ಪೀಟಿನಲ್ಲಿ 52 ಎಲೆಗಳ ಪ್ಯಾಕು ಎಲ್ಲರಿಗೂ ಒಂದೇ. ಈ ಬಗೆಯ ಆಟಗಳಲ್ಲಿ ಹಾಗಲ್ಲ. ಸಾವಿರಾರು ಕಾರ್ಡುಗಳಲ್ಲಿ ತನಗೆ ಬೇಕಾದವನ್ನು ಆಯ್ದು, ನಿಯಮ ಹೇಳಿದ ಎಣಿಕೆಗೆ ಹೊಂದಿಸಿ, ಪ್ರತಿಯೊಬ್ಬನೂ ತನ್ನದನ್ನು ತಾನೇ ತರುತ್ತಾನೆ. ಆದ್ದರಿಂದ ‘ಪ್ಯಾಕ್’ ಎಂದು ಬರೆಯಲು ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಮೊಹರು ಹಾಕಿ ಮಾರುವ ಸಣ್ಣ ಪೊಟ್ಟಣಕ್ಕೆ ಆಡುವವರು ಆಗಲೇ ಪ್ಯಾಕ್ ಎನ್ನುತ್ತಾರೆ. ‘ಕಂತೆ’ ಎಂದರೆ ಕೈಗೆ ಸಿಕ್ಕಿದ್ದನ್ನು ಸುತ್ತಿಟ್ಟಂತೆ ಕೇಳಿಸುತ್ತದೆ. ‘ಪಡೆ’ ಎಂಬ ಸಲಹೆಯೂ ಬಂದಿದೆ.

ನಾನು ಮೊದಲು ‘ಕಟ್ಟು’ ಎಂದೇ ಬರೆದಿದ್ದೆ. ಆಟವನ್ನೇ ಕಂಡಿರದ ಇಬ್ಬರಿಗೆ ಕರಡನ್ನು ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿದೆ. ‘ನಿಮ್ಮ ಕಟ್ಟನ್ನು ಚೆನ್ನಾಗಿ ಕಲಸಿ ಮಗುಚಿಡಿ, ಕಟ್ಟಿನಿಂದ ಏಳು ಕಾರ್ಡು ಎತ್ತಿಕೊಳ್ಳಿ’ ಎಂಬಲ್ಲಿಯವರೆಗೆ ತೊಡಕಿರಲಿಲ್ಲ. ಆಟ ಅರ್ಧಕ್ಕೆ ಬಂದಾಗ ‘ನಿಮ್ಮ ಕಟ್ಟಿನಲ್ಲಿರುವ ಒಂದು ಕಾರ್ಡನ್ನು ಹುಡುಕಿ ತೆಗೆದುಕೊಳ್ಳಿ’ ಎಂಬ ಸಾಲು ಎದುರಾಯಿತು. ಒಬ್ಬರು ಮಗುಚಿಟ್ಟಿದ್ದ ಕಾರ್ಡುಗಳಲ್ಲಿ ಹುಡುಕಿದರು. ಇನ್ನೊಬ್ಬರು, ಆಡಿ ಮುಗಿದು ಪಕ್ಕಕ್ಕೆ ಬಿದ್ದಿದ್ದ ಕಾರ್ಡುಗಳಿಗೂ ಕೈಹಾಕಿ, ‘ಇವೂ ನನ್ನ ಕಟ್ಟಿನವೇ ಅಲ್ಲವೇ?’ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ. ಮೂಲದಲ್ಲಿಯೂ ಎರಡು ಕಡೆ ‘ಡೆಕ್’ ಎಂದೇ ಇದೆ.

ಬಲ್ಲವರು ಬೇಗ ತಿಳಿಸಬೇಕು.

ಉತ್ತರ

ಡೆಕ್ ಎಂದೇ ಬರೆಯಿರಿ. ಆಡುವವರೆಲ್ಲ ಡೆಕ್ ಎನ್ನುತ್ತಾರೆ. ಆಡದವರಿಗೆ ಈ ಪುಸ್ತಿಕೆ ಬೇಕಾಗಿಲ್ಲ. ಬಳಕೆಯಲ್ಲಿರುವ ಪದವನ್ನು ಬಿಟ್ಟು ಇಲ್ಲದ ಪದವನ್ನು ಹುಡುಕುವುದರಲ್ಲಿ ಯಾವ ಅರ್ಥವೂ ನನಗೆ ಕಾಣುತ್ತಿಲ್ಲ.

ಉತ್ತರ

ಹಿಂದಿನ ಉತ್ತರವನ್ನು ನಾನು ಉತ್ತರವೆಂದು ಎಣಿಸುವುದಿಲ್ಲ. ಆಡದವರು ಆಡಲು ಕಲಿಯಲೆಂದೇ ಕೈಪಿಡಿ ಬರೆಯುವುದು.

‘ಕಟ್ಟು’ ಎಂಬುದರ ಬಗ್ಗೆ ಸಂದೇಹ ಏಕೆ ಬಂತೆಂಬುದೇ ನನಗೆ ಆಶ್ಚರ್ಯ. ತಮಿಳಿನಲ್ಲಿ ಚೀಟ್ಟುಕ್ಕಟ್ಟು, ಮಲಯಾಳದಲ್ಲಿ ಚೀಟ್ಟುಕೆಟ್ಟ್. ಎರಡೂ ಆಡುವ ಎಲೆಗಳ ಒಟ್ಟು ಗಂಟಿಗೆ ಇಂದಿಗೂ ಸಲ್ಲುವ ಮಾತುಗಳು. ಅಕ್ಕತಂಗಿ ನುಡಿಗಳಿಗೆ ಇದು ಇಷ್ಟು ಸಲೀಸಾಗಿ ಒದಗಿರುವಾಗ ಕನ್ನಡಕ್ಕೆ ಮಾತ್ರ ಏಕೆ ಬೇಡವಾಗಬೇಕು? ಅದಕ್ಕಿಂತ ಮುಖ್ಯವಾದುದು, ನಮ್ಮ ‘ಕಟ್ಟು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಮನೆಯನ್ನು ಕಟ್ಟುತ್ತೇವೆ, ಪದವನ್ನು ಕಟ್ಟುತ್ತೇವೆ, ತಂಡವನ್ನು ಕಟ್ಟುತ್ತೇವೆ. ಕಟ್ಟುಪಾಡಿನಲ್ಲಿ ನಿಯಮದ ಅರ್ಥವೂ ಅದಕ್ಕಿದೆ. ಆಯ್ದು, ನಿಯಮಕ್ಕೆ ಒಳಪಡಿಸಿ, ಒಟ್ಟುಗೂಡಿಸಿದ್ದು ಎಂಬ ಮೂರೂ ಅರ್ಥಗಳು ಒಂದೇ ಧಾತುವಿನಲ್ಲಿ ಸಿಗುವಾಗ ‘ಕಟ್ಟು ಕಟ್ಟುವುದು’ ಎಂಬುದಕ್ಕಿಂತ ಒಪ್ಪವಾದ ಮಾತು ಬೇರೆ ಯಾವುದಿದೆ?

ಆದರೆ ‘ಕಾರ್ಡುಕಟ್ಟು’ ಎಂದು ಮಾತ್ರ ಬರೆಯಬೇಡಿ. ಅದು ಅರಿಸಮಾಸ. ಎಲೆ ಎಂಬುದಕ್ಕೆ ಕಟ್ಟು ಸೇರಿದರೆ ಆದೇಶವಾಗಿ ‘ಎಲೆಗಟ್ಟು’ ಎಂದು ತಾನಾಗಿಯೇ ಆಗುತ್ತದೆ. ‘ಕಾರ್ಡ್’ ಎಂಬುದೂ ಮೂಲದಲ್ಲಿ ಗ್ರೀಕರ ಪಪೈರಸ್ ಹಾಳೆಯ ಹೆಸರೇ ಎಂಬುದನ್ನು ನೆನೆದರೆ, ‘ಎಲೆ’ ಎಂದು ಕರೆಯುವ ನಮ್ಮ ಆಟಗಾರರು ಯಾರಿಗೂ ತಲೆಬಾಗಬೇಕಾಗಿಲ್ಲ. ಸರಿತೂಗುವ ಇನ್ನೊಂದು ಕಟ್ಟಿಗೆ ‘ಎಣೆಗಟ್ಟು’ ಎನ್ನಿ. ಎಣೆ ಎಂದರೆ ಸಮ, ಜೊತೆ. ಎಣೆವಕ್ಕಿಯಲ್ಲಿರುವುದು ಅದೇ ಎಣೆ.

ಉತ್ತರ

ಈ ಆಟಗಳನ್ನು ಹಲವು ವರ್ಷಗಳಿಂದ ಆಡುತ್ತಿರುವವನಾಗಿ ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಿದವರ ತೊಡಕು ಒಂದು ಪದದ್ದಲ್ಲ, ಎರಡು ಪದಗಳದ್ದು. ಮೇಲಿನ ಇಬ್ಬರೂ ಅದನ್ನು ಗಮನಿಸಿಲ್ಲ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ನಿಯಮಗಳು ಈ ಗೊಂದಲವನ್ನು ಮೊದಲೇ ಬಿಡಿಸಿಟ್ಟಿವೆ. ಅಲ್ಲಿ ಆಟಗಾರ ಮನೆಯಿಂದ ತರುವುದು ‘ಡೆಕ್’. ಆಟ ಮೊದಲಾದ ಕ್ಷಣದಿಂದ ಮೇಜಿನ ಮೇಲೆ ಮಗುಚಿಟ್ಟ ರಾಶಿಯ ಹೆಸರು ‘ಲೈಬ್ರರಿ’. ಆಟಗಾರನೇ ಮಾಂತ್ರಿಕ, ಅವನು ಬಲ್ಲ ಮಂತ್ರಗಳ ಭಂಡಾರ ಅದು ಎಂಬ ಕಲ್ಪನೆ ಆ ಹೆಸರಿನಲ್ಲಿದೆ. ಅದು ಬರಿದಾದ ಮೇಲೆ ಕಾರ್ಡು ಎತ್ತಬೇಕಾಗಿ ಬಂದವನು ಸೋಲುತ್ತಾನೆ. ಆಡಿ ಮುಗಿದ ಕಾರ್ಡುಗಳು ಡೆಕ್ಕಿಗೆ ಸೇರಿದವೇ ಹೌದು, ಆದರೆ ಲೈಬ್ರರಿಯಲ್ಲಿ ಇಲ್ಲ. ನಿಮ್ಮ ಎರಡನೆಯ ಓದುಗರು ಕೈಹಾಕಿದ್ದು ಸರಿಯಾಗಿ ಈ ಬಿರುಕಿಗೆ. ಆದ್ದರಿಂದ ಆಯ್ದು ತಂದ ಒಟ್ಟು ಸಮೂಹಕ್ಕೆ ‘ಕಟ್ಟು’, ಮಗುಚಿಟ್ಟು ಎತ್ತಿಕೊಳ್ಳುವ ರಾಶಿಗೆ ‘ಒಟ್ಟಿಲು’ ಎಂದು ಬೇರೆ ಬೇರೆ ಇಡಿ. ಸೌದೆಯನ್ನು ಒಂದರ ಮೇಲೊಂದು ಒಟ್ಟಿದ್ದು ಒಟ್ಟಿಲು. ಕಾರ್ಡನ್ನು ಒಟ್ಟಿದರೂ ಒಟ್ಟಿಲೇ.

‘ಪಡೆ’ ಬೇಡ. ಕಟ್ಟಿನಲ್ಲಿ ಹೋರಾಡುವ ಜೀವಿಗಳಷ್ಟೇ ಇರುವುದಿಲ್ಲ, ಮಂತ್ರಗಳಿರುತ್ತವೆ, ಅವುಗಳಿಗೆ ಶಕ್ತಿಯೂಡುವ ನೆಲದ ಕಾರ್ಡುಗಳಿರುತ್ತವೆ. ಕೈಪಿಡಿಯ ಪ್ರತಿ ಪುಟದಲ್ಲೂ ‘ಕಾರ್ಡು ಪಡೆಯಿರಿ’ ಎಂಬ ಕ್ರಿಯಾಪದ ಬರುವಾಗ ‘ಪಡೆಯ ಕಾರ್ಡು ಪಡೆಯಿರಿ’ ಎಂದು ಓದುವವನ ಪಾಡೇನು?

‘ಕಂತೆ’ಯನ್ನು ಕೈಬಿಟ್ಟದ್ದು ಸರಿ, ಅದಕ್ಕೆ ಲೆಕ್ಕದ ಕಾರಣವೂ ಇದೆ. ಮ್ಯಾಜಿಕ್ಕಿನ ಸಾಮಾನ್ಯ ಕಟ್ಟಿನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು, ಮೂಲ ನೆಲದ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು 4ಕ್ಕಿಂತ ಹೆಚ್ಚಿರಬಾರದು. ಗರಿಷ್ಠ ಮಿತಿಯಿಲ್ಲದಿದ್ದರೂ ಬಲ್ಲವರು 60ಕ್ಕೇ ನಿಲ್ಲುತ್ತಾರೆ. ಏಕೆಂದರೆ 60ರಲ್ಲಿ 4 ಇರುವ ಕಾರ್ಡು ಮೊದಲ ಏಳರಲ್ಲಿ ಒಂದಾದರೂ ಕೈಗೆ ಬರುವ ಸಾಧ್ಯತೆ ಶೇ. 40ರಷ್ಟು, ಆಸೆಬಿದ್ದು 75 ಮಾಡಿದರೆ ಅದು ಶೇ. 33ಕ್ಕೆ ಇಳಿಯುತ್ತದೆ. ಯು-ಗಿ-ಓಹ್ ಆಟದಲ್ಲಿ 40ರಿಂದ 60ರವರೆಗೆ ಇರಬಹುದು, ಒಂದೇ ಹೆಸರಿನವು 3. ಅಲ್ಲಿಯೂ 40ರ ಹತ್ತಿರವೇ ಉಳಿಯುವ ಒಲವು ಹೆಚ್ಚು. ಒಂದು ಕಾರ್ಡು ಸೇರಿಸಿದರೆ ಉಳಿದವೆಲ್ಲ ಒಂದಿಷ್ಟು ದೂರ ಸರಿಯುತ್ತವೆ. ಹೀಗೆ ಕಲ್ಲಿಗೆ ಕಲ್ಲು ಕೂಡಿಸುವಂತೆ ನಿಲ್ಲಿಸುವುದನ್ನು ಕನ್ನಡ ‘ಕಟ್ಟುವುದು’ ಎಂದೇ ಕರೆಯುತ್ತದೆ. ಆ ಮಾತನ್ನು ಮನಸಾರೆ ಒಪ್ಪುತ್ತೇನೆ.

‘ಎಲೆಗಟ್ಟು’ ಮಾತ್ರ ನಡೆಯದು. ಇಸ್ಪೀಟಿನಲ್ಲಿ ಎಲೆ ಎನ್ನುವುದು ಚೆಂದ. ಇಲ್ಲಿ ನೆಲದ ಕಾರ್ಡುಗಳಲ್ಲಿ ಒಂದು ಬಗೆಯ ಹೆಸರೇ ‘ಕಾಡು’. ‘ನಿಮ್ಮ ಕೈಯಲ್ಲಿರುವ ಕಾಡಿನ ಎಲೆಯನ್ನು ಕೆಳಗಿಡಿ’ ಎಂದು ಅಚ್ಚಾದರೆ ಓದುವ ಮಗು ಚಿತ್ರದಲ್ಲಿರುವ ಮರದ ಎಲೆಯನ್ನು ಹುಡುಕುತ್ತದೆ. ಅರಿಸಮಾಸದ ಮಾತೂ ಇಲ್ಲಿ ಸಲ್ಲದು. ಕೇಶಿರಾಜ ಅದನ್ನು ಹೇಳಿದ್ದು ಸಂಸ್ಕೃತ ಕನ್ನಡಗಳ ಕೂಡಿಕೆಗೆ. ಪೂರ್ವಕವಿಗಳ ಪ್ರಯೋಗವಿದ್ದರೆ ಅಲ್ಲಿಯೂ ಅವನು ಬಿಗಿ ಸಡಿಲಿಸಿದ್ದಾನೆ. ರೈಲುಹಳಿ, ಬಸ್ಸುನಿಲ್ದಾಣಗಳನ್ನು ದಿನಾಲೂ ಹೇಳುತ್ತ ಕಾರ್ಡುಕಟ್ಟಿಗೆ ಮಾತ್ರ ಸೂತ್ರ ತೋರಿಸುವುದು ನ್ಯಾಯವಲ್ಲ.

ಇನ್ನು ಸರಿತೂಗುವ ಎರಡರ ಮಾತು. ಸರಿತೂಗುವುದೆಂದರೆ ಒಂದೇ ತೆರನಾಗಿರುವುದಲ್ಲ. ಒಂದು ಕಟ್ಟು ಅಗ್ಗದ, ಚಿಕ್ಕ ಜೀವಿಗಳನ್ನು ಬೇಗಬೇಗ ಇಳಿಸಿ ನಾಲ್ಕೈದು ಸರದಿಯಲ್ಲಿ ಆಟವನ್ನು ಮುಗಿಸಲು ನೋಡುತ್ತದೆ. ಇನ್ನೊಂದು ಅಷ್ಟು ಹೊತ್ತು ತಡೆದು ನಿಂತು, ದೊಡ್ಡ ಕಾರ್ಡುಗಳು ಕೈಗೂಡುವುದನ್ನು ಕಾಯುತ್ತದೆ. ಹತ್ತು ಸಲ ಆಡಿದರೆ ಐದೈದು ಹಂಚಿಹೋಗುವಂತಿರಬೇಕು, ಅಷ್ಟೇ. ಇದಕ್ಕೆ ಕುಸ್ತಿಯ ಕಣದವರ ಮಾತು ಇದೆ: ‘ಜೋಡಿ ಕಟ್ಟುವುದು’. ಅವರು ಜೋಡಿ ಕಟ್ಟುವಾಗ ಅವಳಿಗಳನ್ನು ಹುಡುಕುವುದಿಲ್ಲ. ಒಬ್ಬನ ಪಟ್ಟು ಇನ್ನೊಬ್ಬನ ಬಲಕ್ಕೆ ತಕ್ಕದ್ದೇ ಎಂದು ನೋಡುತ್ತಾರೆ.

ಉತ್ತರ

‘ಜೋಡಿ’ ಕನ್ನಡವೇ? ಅಚ್ಚಗನ್ನಡದ ‘ಎಣೆ’ಯನ್ನು ತಳ್ಳಿ ಉತ್ತರದಿಂದ ಬಂದದ್ದನ್ನು ಕೂರಿಸಲು ಇಷ್ಟುದ್ದದ ವಾದ ಬೇಕಾಯಿತು. ಹೀಗೆ ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ ನಾಳೆ ನುಡಿಯಲ್ಲಿ ವಿಭಕ್ತಿ ಪ್ರತ್ಯಯಗಳಷ್ಟೇ ನಮ್ಮವಾಗಿ ಉಳಿಯುತ್ತವೆ.

ಉತ್ತರ

‘ಎಣೆ’ ಇಂದು ಬದುಕಿರುವುದು ‘ಎಣೆಯಿಲ್ಲದ’ ಎಂಬ ನಿಷೇಧದಲ್ಲಿ. ‘ಅವನಿಗೆ ಎಣೆಯಿಲ್ಲ’ ಎನ್ನುವ ನಾಲಗೆ ‘ಅವನಿಗೆ ಇವನು ಎಣೆ’ ಎನ್ನುವುದನ್ನು ಮರೆತು ಬಹುಕಾಲವಾಯಿತು. ಹಾಗಿರುವಾಗ ‘ಎಣೆಗಟ್ಟು’ ಎಂದು ಓದಿದವನಿಗೆ ಎಣಿಕೆಯ ನೆನಪಾಗುತ್ತದೆ, ಸಾಟಿಯ ನೆನಪಾಗುವುದಿಲ್ಲ.

ಎರವಲಿನ ಬಗ್ಗೆ ಇಷ್ಟು ಹೇಳಬೇಕಾಗಿದೆ. ಇಸ್ಪೀಟಿನ ‘ಕಳಾವರ್’ ಡಚ್ಚರ ಕ್ಲಾವರ್, ‘ತುರುಪು’ ಅವರದೇ ಟ್ರೂಫ್. ಅವು ಬಂದು ಕನ್ನಡ ಬಡವಾಗಲಿಲ್ಲ. ‘ಡೆಕ್’ ಕೂಡ ಇಂಗ್ಲಿಷಿನ ಸ್ವಂತ ಆಸ್ತಿಯಲ್ಲ. ಹೊದಿಕೆ ಎಂಬ ಅರ್ಥದಲ್ಲಿ ಡಚ್ಚಿನಿಂದಲೇ ಅಲ್ಲಿಗೆ ಹೋದದ್ದು. ಈ ಆಟಗಳಲ್ಲಿ ಮಂತ್ರಗಳಿಗೆ ಊಡುವ ಶಕ್ತಿಯ ಹೆಸರಾದ ‘ಮಾನಾ’ ಪೆಸಿಫಿಕ್ ದ್ವೀಪಗಳ ನುಡಿಗಳದು. ಅದನ್ನು ಇಂಗ್ಲಿಷಿನವರು ಅನುವಾದಿಸಲಿಲ್ಲ, ನಾವೂ ಹಾಗೆಯೇ ಇಟ್ಟುಕೊಳ್ಳೋಣ. ಆದರೆ ಮೊದಲ ಉತ್ತರ ಬರೆದವರಿಗೂ ಹೇಳುತ್ತೇನೆ: ಎರವಲು ತಪ್ಪಲ್ಲವೆಂದ ಮಾತ್ರಕ್ಕೆ ಮನೆಯಲ್ಲಿರುವುದನ್ನು ಬಿಡಬೇಕೆಂದಲ್ಲ. ‘ಕಟ್ಟು’ ಮನೆಯಲ್ಲಿದೆ, ‘ಮಾನಾ’ ಇರಲಿಲ್ಲ.

ಉತ್ತರ

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿದ್ದೇನೆ. ಕೈಪಿಡಿಯಲ್ಲಿ ಕಟ್ಟೆಂದರೂ ಮೇಜಿನ ಮುಂದೆ ಡೆಕ್ಕೆಂದೇ ಕರೆಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಇಡೀ ಕರಡನ್ನು ತಿದ್ದಿದೆ. ‘ಡೆಕ್’ ಇದ್ದ ಪ್ರತಿಯೊಂದು ಕಡೆಯೂ ನಿಂತು, ಇದು ತಂದದ್ದೋ ಮಗುಚಿಟ್ಟದ್ದೋ ಎಂದು ಕೇಳಿಕೊಂಡೆ. ಅರ್ಧಕ್ಕಿಂತ ಹೆಚ್ಚು ಕಡೆ ಅದು ಒಟ್ಟಿಲೇ ಆಗಿತ್ತು. ಮೊದಲ ಬಾರಿ ಬರುವಲ್ಲಿ ‘ಕಟ್ಟು, ಅಂದರೆ ಆಟಗಾರರು ಡೆಕ್ ಎಂದು ಕರೆಯುವುದು’ ಎಂದು ಒಂದು ಸಾಲು ಸೇರಿಸಿದ್ದೇನೆ. ಮೇಜಿನ ಮುಂದೆ ಕೇಳಿಬರುವ ಮಾತು ಹೊಸಬರಿಗೆ ಅಪರಿಚಿತವಾಗಬಾರದು ಎಂಬ ಮೊದಲ ಉತ್ತರದ ಕಾಳಜಿ ನನಗೂ ಇದೆ. ‘ಎಲೆ’ಯನ್ನು ಬಿಡಲು ನೋವಾಯಿತು, ಆದರೆ ಕಾಡಿನ ಕಾರ್ಡು ನಮ್ಮ ಆಟದಲ್ಲೂ ಇದೆ.

‘ಜೋಡಿ ಕಟ್ಟು’ ಎಂದು ತಲೆಬರಹದಲ್ಲಿ ಇಟ್ಟರೆ ಕಟ್ಟು ನಾಮಪದವೋ ಕ್ರಿಯಾಪದವೋ ಎಂಬ ಅನುಮಾನ ಉಳಿಯುತ್ತಿತ್ತು. ಆದ್ದರಿಂದ ಅಧ್ಯಾಯದ ಹೆಸರು ‘ಎರಡು ಕಟ್ಟು, ಒಂದು ಜೋಡಿ’ ಎಂದಾಗಿದೆ. ಮೊದಲ ಸಾಲುಗಳು ಹೀಗಿವೆ: ‘ಒಂದು ಕಟ್ಟು ನುಗ್ಗುವಂಥದ್ದಾಗಿರಲಿ, ಇನ್ನೊಂದು ತಡೆಯುವಂಥದ್ದಾಗಿರಲಿ. ಎರಡನ್ನೂ ಕಟ್ಟಿದ ಮೇಲೆ ಹತ್ತು ಸಲ ಆಡಿ ನೋಡಿ. ಒಂದೇ ಕಟ್ಟು ಏಳೆಂಟು ಸಲ ಗೆದ್ದರೆ ಅವು ಇನ್ನೂ ಜೋಡಿಯಾಗಿಲ್ಲ.’

ಇಂದು ಬೆಳಿಗ್ಗೆ ಅದೇ ಎರಡನೆಯ ಓದುಗರನ್ನು ಮತ್ತೆ ಕೂರಿಸಿ ಆಡಿಸಿದೆ. ‘ನಿಮ್ಮ ಒಟ್ಟಿಲಿನಲ್ಲಿ ಹುಡುಕಿ’ ಎಂಬಲ್ಲಿ ಅವರ ಕೈ ನೇರವಾಗಿ ಮಗುಚಿಟ್ಟ ಕಾರ್ಡುಗಳಿಗೆ ಹೋಯಿತು, ಪಕ್ಕದ ರಾಶಿಯತ್ತ ತಿರುಗಲಿಲ್ಲ.

ಇನ್ನೊಂದೇ ಪ್ರಶ್ನೆ ಉಳಿದಿದೆ, ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಸಾಕು. ಪಂಚಮಿಯಲ್ಲಿ ‘ಒಟ್ಟಿಲಿನಿಂದ’ ಎಂದು ಉದ್ದಕ್ಕೂ ಬರೆದಿದ್ದೇನೆ. ಕಾರ್ಡುಗಳ ಮೇಲೆ ಜಾಗ ಕಡಿಮೆಯಿರುವುದರಿಂದ ಅಲ್ಲಿ ಮಾತ್ರ ‘ಒಟ್ಟಿಲಿಂದ’ ಎಂದು ಅಚ್ಚು ಮಾಡಿಸಿದರೆ ತಪ್ಪಾಗುವುದೇ, ಅಥವಾ ಎರಡು ಕಡೆಯೂ ಒಂದೇ ರೂಪ ಇರಬೇಕೇ?